ಏಣಿಯ ಬುಡದಲ್ಲೊಂದು ಪ್ರಶ್ನೆ

ಡಿಸೆಂಬರಿನ ಕೊನೆಯ ವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ವೆಬ್ಲೊ ಊರಿನ ಪೂರ್ವದ ಬಡಾವಣೆಯಲ್ಲಿ ಹಳೇ ಮನೆಯೊಂದರ ಗೋಡೆಗೆ ಏಣಿ ಆನಿಸಿ, ಬರ್ನಡೆಟ್ ಬಾಕಾ ಮೆಟ್ಟಿಲುಗಳಿಗೆ ಕಚ್ಚಿಕೊಂಡ ಮಂಜನ್ನು ಕೈಗವಸಿನಲ್ಲೇ ಉಜ್ಜಿ ತೆಗೆಯುತ್ತಿದ್ದಾರೆ. ವಯಸ್ಸು ಐವತ್ತನಾಲ್ಕು. ಛಾವಣಿಗಳ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವುದು ಹನ್ನೆರಡು ವರ್ಷದ ಕಸುಬು; ಅದನ್ನು ನೋಡಿ ಬರೆಯಲೆಂದು ಈ ವಾರ ನಾನು ಅವರ ಜೊತೆಗಿದ್ದೇನೆ. ಮೊಣಕಾಲು ಸವೆದಿದೆ, ಬೆರಳುಗಳು ಚಳಿಗೆ ಮಡಚುವುದಿಲ್ಲ. ಏಣಿ ಹತ್ತುವ ಮುನ್ನ ಅವರು ಮಾಡುವ ಒಂದು ಕೆಲಸಕ್ಕೆ ಕಂಪನಿ ಕೂಲಿ ಕೊಡುವುದಿಲ್ಲ, ಬೈಗುಳ ಕೊಡುತ್ತದೆ.

ಮನೆಯ ಯಜಮಾನ ಫ್ರಾಂಕ್ ಪರ್ಕೋ, ಎಂಬತ್ತು ದಾಟಿದವರು, ಕಾಫಿ ಕಪ್ಪು ಹಿಡಿದು ಬಾಗಿಲಿಗೆ ಬರುತ್ತಾರೆ.

"ಮಿಸ್ಟರ್ ಪರ್ಕೋ, ಒಂದು ಮಾತು ಕೇಳ್ಲಾ? ಈಗ ನೀವು ವರಮಾನ ತೆರಿಗೆ ಕಟ್ತೀರಾ?"

"ಜೀವಮಾನ ಪೂರ್ತಿ ಉಕ್ಕಿನ ಕಾರ್ಖಾನೇಲಿ ಬೆಂದಿದ್ದೀನಮ್ಮ. ಕಟ್ಟದೆ ಬಿಟ್ಟಿದ್ದಾರಾ?"

"ಆಗಿಂದಲ್ಲ, ಈಗಿಂದು."

"ಈಗೇನಿದೆ ಮಣ್ಣು! ಸರ್ಕಾರ ಕೊಡೋ ಪಿಂಚಣಿ. ಅದಕ್ಕೆಲ್ಲಿ ತೆರಿಗೆ?"

ಬರ್ನಡೆಟ್ ಕೈಲಿದ್ದ ಡ್ರಿಲ್ಲನ್ನು ನೆಲಕ್ಕಿಡುತ್ತಾರೆ.

ಈ ಪ್ರಶ್ನೆಯ ಹಿಂದೆ ಇರುವುದು ಒಂದು ಪದ: ಕ್ರೆಡಿಟ್. ಸೋಲಾರ್ ಹಾಕಿಸಿಕೊಂಡವರಿಗೆ ಸರ್ಕಾರ ಖರ್ಚಿನ ಶೇಕಡಾ ಮೂವತ್ತರಷ್ಟನ್ನು ಬಿಡುತ್ತದೆ, ನಿಜ. ಆದರೆ ಬಿಡುವುದು ನೀವು ಕಟ್ಟಬೇಕಾದ ತೆರಿಗೆಯಲ್ಲಿ. ತೆರಿಗೆಯೇ ಇಲ್ಲದವರಿಗೆ ಯಾವುದರಲ್ಲಿ ಬಿಡುವುದು? ಪೇಟೆಬೀದಿಯ ಹಲ್ಲಿನ ಡಾಕ್ಟರು ತಮ್ಮ ಮನೆಗೂ ಕ್ಲಿನಿಕ್ಕಿಗೂ ಹಾಕಿಸಿದರು, ಎರಡಕ್ಕೂ ಪೂರ್ತಿ ರಿಯಾಯಿತಿ ಪಡೆದರು. ಪಿಂಚಣಿಯ ಮುದುಕರಿಗೆ ಬಿಡಿಗಾಸೂ ಸಿಗುವುದಿಲ್ಲ. ಮಾರಲು ಬರುವ ಹುಡುಗರು ಮಾತ್ರ "ಸರ್ಕಾರ ನಿಮಗೆ ದುಡ್ಡು ವಾಪಸ್ ಕೊಡುತ್ತೆ" ಎಂದು ಬಾಗಿಲು ಬಾಗಿಲಿಗೆ ಹೇಳಿಕೊಂಡು ತಿರುಗುತ್ತಾರೆ. ಇದನ್ನು ಮೋಸ ಅನ್ನದೆ ಇನ್ನೇನನ್ನಲಿ? ಮನೆಗಳಿಗೆ ಈ ರಿಯಾಯಿತಿ ವರ್ಷದ ಕೊನೆಗೆ ನಿಲ್ಲುತ್ತದೆ ಎಂದಾದ ಮೇಲಂತೂ ಊರಿಗೆ ಊರೇ ಏಣಿ ಹತ್ತಿದೆ.

ಬರ್ನಡೆಟ್ ಇದನ್ನೇ ಬಿಡಿಸಿ ಹೇಳಿದಾಗ ಪರ್ಕೋ ಅವರಿಗೆ ಸಿಟ್ಟು ಬರುತ್ತದೆ. "ಟೈ ಕಟ್ಕೊಂಡೋನು ಒಂದು ಹೇಳ್ತಾನೆ, ಏಣಿ ಹಿಡ್ಕೊಂಡೋಳು ಇನ್ನೊಂದು ಹೇಳ್ತೀಯ. ನಾನು ಯಾರನ್ನ ನಂಬ್ಲಿ?"

"ನನ್ನ ನಂಬಬೇಡಿ. ತೆರಿಗೆ ಲೆಕ್ಕ ಗೊತ್ತಿರೋ ಒಬ್ಬರನ್ನ ಕೇಳಿ. ಎರಡು ದಿನ ತಡ ಆದ್ರೆ ನಿಮ್ಮ ಛಾವಣಿ ಓಡಿಹೋಗಲ್ಲ."

"ಎರಡು ದಿನ ಬಿಟ್ರೆ ಸ್ಕೀಮೇ ಓಡಿಹೋಗುತ್ತೆ!" ಎಂದು ಅವರು ಬಾಗಿಲು ಹಾಕಿಕೊಳ್ಳುತ್ತಾರೆ.

ಟ್ರಕ್ಕಿನಲ್ಲಿ ಹುರಿದ ಹಸಿಮೆಣಸಿನ ಬುರಿಟೊ ತಿನ್ನುತ್ತಾ ಕೂತ ಜೊತೆಗಾರ ಡ್ವೇನ್ ಮುಖ ಗಂಟಿಕ್ಕಿಕೊಂಡಿದ್ದಾನೆ. ಕೂರಿಸಿದ ಪ್ಯಾನೆಲ್ಲಿಗಷ್ಟೇ ಕೂಲಿ. ಕೂರಿಸದಿದ್ದರೆ ಆ ದಿನ ಇಬ್ಬರ ಕೈಯೂ ಖಾಲಿ.

"ನೀನು ಪುಣ್ಯ ಕಟ್ಕೋ ಬರ್ನಿ. ನಾನು ಮನೆ ಬಾಡಿಗೆ ಯಾವುದರಲ್ಲಿ ಕಟ್ಲಿ? ನಿನ್ನ ಪ್ರಶ್ನೆ ತಗೊಂಡು ಹೋಗಿ ಕೊಡ್ಲಾ?"

ಡ್ವೇನ್ ಹೇಳುವುದೂ ಸುಳ್ಳಲ್ಲ. ಅಷ್ಟರಲ್ಲಿ ಕಂಪನಿಯ ಮೇಲ್ವಿಚಾರಕನ ಫೋನು ಬರುತ್ತದೆ. ಪರ್ಕೋ ಆಗಲೇ ದೂರು ಕೊಟ್ಟಿದ್ದಾರೆ. ಇನ್ನೊಂದು ಸಲ ಬಾಯಿ ಬಿಟ್ಟರೆ ಏಣಿ ಮುಟ್ಟಿಸುವುದಿಲ್ಲವಂತೆ.

ಇಷ್ಟೆಲ್ಲ ಅನ್ನಿಸಿಕೊಂಡು ಯಾಕೆ ಕೇಳುತ್ತೀರಿ ಎಂದರೆ ಬರ್ನಡೆಟ್ ತಾಯಿಯ ಮಾತೆತ್ತುತ್ತಾರೆ. ಎಲೋಯ್ಸಾಗೆ ಈಗ ಎಪ್ಪತ್ತೊಂಬತ್ತು, ಅವರದೂ ಬರೀ ಪಿಂಚಣಿ. ಆರು ವರ್ಷದ ಹಿಂದೆ ಅವರ ಮನೆಯ ಮೇಲೆ ಪ್ಯಾನೆಲ್ ಕೂರಿಸಿದ್ದು ಬರ್ನಡೆಟ್ಟೇ. ಕೂಲಿ ತೆಗೆದುಕೊಳ್ಳಲಿಲ್ಲ, ಅಮ್ಮನ ಹುಟ್ಟುಹಬ್ಬಕ್ಕೆ ಉಡುಗೊರೆ ಎಂದರು. ಸಾಮಾನಿನ ದುಡ್ಡಿಗೆ ಸಾಲ. ಕ್ರೆಡಿಟ್ ಎಂದರೆ ಸರ್ಕಾರ ಮನೆಗೆ ಕಳಿಸುವ ಚೆಕ್ಕು ಎಂದೇ ತಾಯಿ ಮಗಳಿಬ್ಬರೂ ತಿಳಿದಿದ್ದರು. ಸಾಲ ಕೊಟ್ಟವರು ಆ ಹಣ ಜಮೆಯಾಗುತ್ತದೆಂದು ಲೆಕ್ಕ ಹಾಕಿಯೇ ಕಂತು ಇಳಿಸಿದ್ದರು. ಹಣ ಬರಲಿಲ್ಲ, ಒಂದೂವರೆ ವರ್ಷಕ್ಕೆ ಕಂತು ಏರಿತು. ಎಲೋಯ್ಸಾ ಹೀಟರ್ ಆರಿಸಿ ಅಡುಗೆಮನೆಯಲ್ಲಿ, ಓವನ್ನಿನ ಬಾಗಿಲು ತೆರೆದಿಟ್ಟುಕೊಂಡು ಮಲಗತೊಡಗಿದರು. ಕಡೆಗೆ ಮನೆಯನ್ನೇ ಮಾರಬೇಕಾಯಿತು. ಸಾಲ ತೀರಿಸಿದ ಮೇಲೆ ಉಳಿದದ್ದು ಅಷ್ಟಕ್ಕಷ್ಟೇ.

"ಒಂದೊಂದು ಬೋಲ್ಟೂ ನಾನೇ ಬಿಗಿದಿದ್ದು," ಎನ್ನುತ್ತಾರೆ ಬರ್ನಡೆಟ್. "ಒಬ್ಬರು, ಒಬ್ಬರೇ ಒಬ್ಬರು ಬಂದು ನನಗೆ ಆ ಪ್ರಶ್ನೆ ಕೇಳಿದ್ರೆ ಸಾಕಿತ್ತು."

ವರ್ಷ ಮುಗಿಯುವ ಹಿಂದಿನ ದಿನ ಅದೇ ಬೀದಿಯಲ್ಲಿ ಹಾದುಹೋದೆವು. ಪರ್ಕೋ ಅವರ ಛಾವಣಿಯ ಮೇಲೆ ಹೊಸ ಪ್ಯಾನೆಲ್‌ಗಳು ಹೊಳೆಯುತ್ತಿದ್ದವು. ಕಂಪನಿ ಬೇರೆ ಜನರನ್ನು ಕಳಿಸಿ ಕೂರಿಸಿತ್ತು. ಟ್ರಕ್ ನಿಧಾನ ಮಾಡಿ ನೋಡಿದ ಬರ್ನಡೆಟ್, "ಕೆಲಸ ಅಚ್ಚುಕಟ್ಟಾಗಿದೆ," ಎಂದಷ್ಟೇ ಅಂದರು.

ಎಲೋಯ್ಸಾ ಈಗ ಮಗಳ ಟ್ರೇಲರ್ ಮನೆಯಲ್ಲಿದ್ದಾರೆ, ನೆನಪು ಮಾಸುತ್ತಾ ಬಂದಿದೆ. ನಾವು ಒಳಗೆ ಹೋದಾಗ ಕಿಟಕಿಯ ಬಳಿ ಕೂತಿದ್ದವರು ತಲೆಯೆತ್ತಿ, "ಬಂದ್ಯಾ ಮಿಹಿತಾ, ಮಗಳೇ? ಚೆಕ್ ಬಂತಾ?" ಎಂದರು. ದಿನಾ ಸಂಜೆ ಇದೇ ಪ್ರಶ್ನೆಯಂತೆ.

"ಇವತ್ತಿಲ್ಲ ಅಮ್ಮ."

"ನಾಳೆ ಬರುತ್ತೆ ಬಿಡು. ಸರ್ಕಾರದ್ದು, ನಿಧಾನ."

ನಿಜ ಹೇಳಿಬಿಡಬಾರದೇ ಎಂದು ನಾನು ಹೊರಗೆ ಬಂದು ಕೇಳಿದೆ. ಬರ್ನಡೆಟ್ ಏಣಿಯ ಹಗ್ಗ ಬಿಗಿಯುತ್ತಿದ್ದರು.

"ಹೇಳಿದ್ರೆ, ಅದನ್ನ ಕೂರಿಸಿದ್ದು ಯಾರು ಅಂತ ಅಮ್ಮಂಗೆ ನೆನಪಾಗುತ್ತೆ. ನಂಗೆ ಇನ್ನೇನೂ ಬೇಡ. ಒಂದೇ ಒಂದು ಸಂಜೆ, ನಾನು ಒಳಗೆ ಕಾಲಿಟ್ಟಾಗ, ಅವಳು ಕೇಳೋದು ಮರೀಲಿ."