ಒಂಬತ್ತು ಗಂಟೆಯ ದರ

ನಮ್ಮ ಚಿಕ್ಕಮ್ಮ ನೀರಿನ ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಖಜಾಂಚಿ. ಕಂಪನಿಯ ದುಡ್ಡು ಯಾವ ಬ್ಯಾಂಕಿನಲ್ಲಿ ಎಷ್ಟು ದಿನ ಇರಬೇಕೆಂದು ತೀರ್ಮಾನಿಸುವುದು ಅವಳ ಕೆಲಸ. ಕೈಯಲ್ಲಿ ಓಡಾಡುವುದು ಕೋಟಿಗಟ್ಟಲೆ. ಮನೆಯಲ್ಲಿ ತಟ್ಟೆ ಒಂದೇ. ಮದುವೆ ಯಾಕಾಗಲಿಲ್ಲ ಎಂದರೆ "ಪುರಸೊತ್ತಾಗ್ಲಿಲ್ಲ ಕಣೋ" ಎನ್ನುತ್ತಿದ್ದಳು. ಅದು ಶುದ್ಧ ಸುಳ್ಳು.

ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅವಳು ಒಂದು ಬ್ಯಾಂಕಿನ ಠೇವಣಿ ವಿಭಾಗಕ್ಕೆ ಫೋನು ಮಾಡುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಅದೇ ಅಧಿಕಾರಿ, ಅದೇ ದನಿ. ಬಡ್ಡಿ ದರಕ್ಕೆ ಒಂದು ನಿಮಿಷ. ಆಮೇಲೆ ಹತ್ತು ನಿಮಿಷ ಇವಳ ಮಂಡಿನೋವು, ಅವರ ಮಗಳ ಪರೀಕ್ಷೆ, ಸೋರುವ ನಲ್ಲಿ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅವಳ ಆರೋಗ್ಯ ವಿಚಾರಿಸುತ್ತಿದ್ದವರು ಅವರೊಬ್ಬರೇ. ನಾವು ಹತ್ತಿರದ ನೆಂಟರು, ಹಾಗಾಗಿ ವಿಚಾರಿಸುತ್ತಿರಲಿಲ್ಲ.

ಆ ವರ್ಷ ಒಂದು ದೊಡ್ಡ ಬ್ಯಾಂಕು ಮುಳುಗಿತು, ಬೆನ್ನಿಗೇ ಇನ್ನೆರಡು. ಪರಿಚಯದವರ ಮಾತು ನಂಬಿ ಹಣವನ್ನೆಲ್ಲ ಒಂದೇ ಕಡೆ ಇಟ್ಟಿದ್ದ ಎಷ್ಟೋ ಖಜಾಂಚಿಗಳು ಕಾರ್ಮಿಕರಿಗೆ ಸಂಬಳ ಕೊಡಲಾಗದೆ ಕೈ ಕೈ ಹಿಸುಕಿಕೊಂಡರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಸರ್ಕಾರ ನಿಯಮಗಳನ್ನು ತಂದಿತು: ಮೂರು ಬ್ಯಾಂಕುಗಳ ದರ ಕೇಳಲೇಬೇಕು, ಪ್ರತಿ ಕರೆಯೂ ರೆಕಾರ್ಡ್ ಆಗಬೇಕು. ತಪ್ಪೆಂದು ನಾನು ಹೇಳಲಾರೆ. ಆದರೆ ಅವನ್ನು ಕಂಪನಿಗೆ ಹೊಂದಿಸಿ ಬರೆಯಲು ಕೂತ ಚಿಕ್ಕಮ್ಮ, ನಾಳೆ ಯಾರೂ ತನ್ನತ್ತ ಬೆರಳು ತೋರಿಸಬಾರದೆಂದು, ಸರ್ಕಾರ ಕೇಳದ ಒಂದು ಸಾಲನ್ನು ತಾನಾಗಿಯೇ ಸೇರಿಸಿದಳು: "ವ್ಯವಹಾರದ ಹೊರತು ಬೇರೆ ಮಾತು ಕೂಡದು." ಆ ಪ್ರಾಮಾಣಿಕತೆ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಿಯಮ ಜಾರಿಯಾಗುವ ಹಿಂದಿನ ದಿನ ಆ ಅಧಿಕಾರಿಯ ಮನೆಯ ಫೋನ್ ನಂಬರು ಕೇಳಬೇಕೆಂದುಕೊಂಡಿದ್ದಳಂತೆ. ಇಷ್ಟು ವರ್ಷ ಕೇಳದವಳು ಈಗ ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ನಾಚಿ, ದರ ಬರೆದುಕೊಂಡು ಫೋನಿಟ್ಟಳು.

ಮರುದಿನದಿಂದ ಒಂದೇ ನಿಮಿಷದ ಮಾತು. ಉಳಿದ ಹತ್ತು ನಿಮಿಷ ಏನು ಮಾಡಬೇಕೆಂದು ತೋಚದೆ, ಕಿಟಕಿಯಾಚೆ ಲಾರಿಗೆ ಪಂಪು ತುಂಬುವುದನ್ನು ನೋಡುತ್ತ ಕೂರುತ್ತಿದ್ದಳು.

ನಾಲ್ಕು ತಿಂಗಳ ನಂತರ ಒಂದು ಬೆಳಿಗ್ಗೆ ಅವರು ದರ ಹೇಳಿದ ಮೇಲೂ ಫೋನಿಡಲಿಲ್ಲ.

"ಮೇಡಂ, ಮಂಡಿನೋವು ಹೇಗಿದೆ?"

ರೆಕಾರ್ಡಿನ ಬೀಪ್ ಸದ್ದು ಕೇಳುತ್ತಲೇ ಇತ್ತು.

"ಸಾರ್, ದಯವಿಟ್ಟು ವ್ಯವಹಾರದ ಮಾತು ಮಾತ್ರ."

"ಸರಿ ಮೇಡಂ. ತಪ್ಪಾಯ್ತು. ನಮಸ್ಕಾರ."

ಮರುದಿನ ಫೋನೆತ್ತಿದವಳು ಯಾರೋ ಹುಡುಗಿ. "ಸಾರ್ ನಿನ್ನೆ ರಿಟೈರ್ ಆದ್ರಲ್ಲ ಮೇಡಂ. ನಿಮ್ಗೆ ಹೇಳ್ಲಿಲ್ವಾ?"

ಅವರ ನಂಬರು ಕೇಳಲು ಚಿಕ್ಕಮ್ಮ ಬಾಯಿ ತೆರೆದಳು. ಬೀಪ್ ಎಂದಿತು. ಅಂದಿನ ದರ ಕೇಳಿದಳು.

ಭಾನುವಾರ ನಮ್ಮ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಇದನ್ನೆಲ್ಲ ಹೇಳಿದಳು. ಅವಳು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಹೇಳೋಕೇ ಬಂದಿದ್ರು ಕಣೋ," ಎಂದಳು. "ನಾನೇ ಬಾಯಿ ಮುಚ್ಚಿಸ್ಬಿಟ್ಟೆ."