ಆರಗದ ಏರು ಮತ್ತು ಮಿಣುಕುವ ಹಳದಿ ದೀಪ

ಹುಬ್ಬಳ್ಳಿಯಿಂದ ಬೆಳಿಗ್ಗೆ ಎಂಟಕ್ಕೆ ಹೊರಟೆ. ಜುಲೈ ತಿಂಗಳು, ಮೋಡ ಕವಿದಿತ್ತು, ನಾಲ್ಕೈದು ದಿನಗಳಿಂದ ಮಳೆ ಬಿಡುವು ಕೊಟ್ಟಿತ್ತು. ಬೆಳಗಾವಿ, ಚಿಕ್ಕೋಡಿ, ಅಂಕಲಿ, ಕಾಗವಾಡ ಹಾದು ಮಿರಜ ತಾಲೂಕಿನ ಆರಗಕ್ಕೆ ಸುಮಾರು ಇನ್ನೂರ ಮೂವತ್ತು ಕಿಲೋಮೀಟರ್. ನಲವತ್ತು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿ ಬದುಕಿದ ನಾನು ಅರವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಸ್ವಂತ ಕಾರು ಕೊಂಡಿದ್ದೆ. ಅದರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಎಂಬುದೊಂದಿದೆ, ಚಕ್ರ ಜಾರತೊಡಗಿದರೆ ಗಾಡಿ ತಾನೇ ಸಂಭಾಳಿಸಿಕೊಳ್ಳುತ್ತದೆ ಎಂದು ಶೋರೂಮಿನ ಹುಡುಗಿ ಹೇಳಿದ್ದಳು. ಆ ಒಂದು ಮಾತು ಹಿಡಿದುಕೊಂಡು ಎರಡು ತಿಂಗಳು ನಮ್ಮ ಓಣಿಯವರ ತಲೆ ತಿಂದಿದ್ದೆ.

ಹೊರಟದ್ದು ನಮ್ಮ ಗಂಗವ್ವ ಮಾವಶಿಗಾಗಿ. ನನ್ನ ಅವ್ವನ ತಂಗಿ, ವಯಸ್ಸು ಎಂಬತ್ತರ ಹತ್ತಿರ. ಅವ್ವ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ಮೂರು ವರ್ಷ ತನ್ನ ಮಕ್ಕಳ ಜೊತೆ ನನ್ನನ್ನೂ ಕೂರಿಸಿ ಉಣ್ಣಿಸಿ, ಕುರಿ ಕಾಯುವ ಕೆಲಸಕ್ಕೆ ಹಚ್ಚದೆ ಮಿರಜಿನ ಶಾಲೆಗೆ ಕಳಿಸಿದವಳು. ಆಕೆಯ ಒಂದು ಕಣ್ಣು ಯಾವಾಗಲೋ ಹೋಗಿತ್ತು. ಉಳಿದೊಂದಕ್ಕೆ ಪೊರೆ ಬಂದು, ವರ್ಷಗಟ್ಟಲೆ ಮಸುಕಾಗುತ್ತ ಹೋಗಿ, ಆರು ವರ್ಷಗಳಿಂದ ಬೆಳಕು, ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆಪರೇಷನ್ ಎರಡು ಸಲ ತಪ್ಪಿತ್ತು: ಒಮ್ಮೆ ಕೃಷ್ಣೆಗೆ ನೀರು ಬಂದು, ಇನ್ನೊಮ್ಮೆ ರಕ್ತದೊತ್ತಡ ಏರಿ. ಪೊರೆ ಬಲಿತು ಕಣ್ಣಿನೊಳಗೆ ಒತ್ತಡ ಹೆಚ್ಚುತ್ತಿದೆ, ಈ ಸಲವೂ ತಪ್ಪಿಸಿದರೆ ಆ ಕಣ್ಣಿನ ಮಾತೂ ಹೇಳಲಾಗದು ಎಂದಿದ್ದರು ಮಿರಜಿನ ಡಾಕ್ಟರು. ಬುಧವಾರ ಬೆಳಿಗ್ಗೆ ಒಂಬತ್ತರೊಳಗೆ ಆಸ್ಪತ್ರೆಯಲ್ಲಿರಬೇಕಿತ್ತು.

ಆಕೆಯ ಮಗ ಊರಲ್ಲಿರಲಿಲ್ಲ. ಮಳೆಗಾಲದ ಕೆಸರಿನಲ್ಲಿ ಕುರಿಗಳ ಗೊರಸು ಕೊಳೆಯುತ್ತದೆಂದು ಹಿಂಡು ಹೊಡೆದುಕೊಂಡು ಜತ್ತ ಕಡೆಯ ಒಣನೆಲಕ್ಕೆ ಹೋಗಿದ್ದ. ಸೊಸೆ ಸುವರ್ಣಾ ಫೋನು ಮಾಡಿ, "ಭಾವಾರ, ಬಸ್ಸಿನ್ಯಾಗ ಕರಕೊಂಡ ಹೋಗಾಕ ನನಗ ಧೈರ್ಯ ಇಲ್ರಿ" ಎಂದಿದ್ದಳು. ಇಂಥ ಕರೆಗಾಗಿಯೇ ಕಾದಿದ್ದೆನೇನೋ ಎಂಬಂತೆ, "ನನ್ನ ಗಾಡಿ ಐತಲ್ಲ! ಜಾರೂದs ಇಲ್ಲ ಅದು" ಎಂದುಬಿಟ್ಟೆ.

ಅಂಕಲಿ ಸೇತುವೆಯ ಮೇಲೆ ಗಾಡಿ ನಿಧಾನ ಮಾಡಿ ಕೃಷ್ಣೆಯನ್ನು ನೋಡಿದೆ. ಕೆಂಪು ನೀರು ತುಂಬಿ ಹರಿಯುತ್ತಿತ್ತು, ಆದರೆ ದಡದೊಳಗಿತ್ತು. ಕಾಗವಾಡದಲ್ಲಿ ಹತ್ತು ರೂಪಾಯಿಗೆ ಒಂದು ಕಪ್ ಚಹಾ ಕುಡಿದೆ, ಸಕ್ಕರೆಯ ಸೀಮೆ ಎಂಬುದು ಮೊದಲ ಗುಟುಕಿಗೇ ತಿಳಿಯಿತು. ಅಲ್ಲಿಂದ ಗಡಿ ದಾಟಿದರೆ ಬೋರ್ಡುಗಳ ಅಕ್ಷರ ಮರಾಠಿಗೆ ಬದಲಾಗುತ್ತದೆ, ಕಬ್ಬು ಬದಲಾಗುವುದಿಲ್ಲ. ಮ್ಹೈಸಾಳ ದಾಟಿ ಒಳದಾರಿ ಹಿಡಿದು ಮಧ್ಯಾಹ್ನ ಎರಡರ ಹೊತ್ತಿಗೆ ಆರಗ ಮುಟ್ಟಿದೆ.

ಮಾವಶಿಯ ಮನೆ ಊರಾಚೆ, ಹೊಲದಲ್ಲಿ. ಡಾಂಬರು ರಸ್ತೆಯಿಂದ ಇನ್ನೂರು ಹೆಜ್ಜೆಯ ಇಳಿಜಾರು, ಎರೆಮಣ್ಣಿನ ದಾರಿ. ಒಂದು ಬದಿಗೆ ಕಬ್ಬು, ಇನ್ನೊಂದು ಬದಿಗೆ ಕಲ್ಲಿನ ಬದು, ಬದುವಿನಾಚೆ ನೀರು ತುಂಬಿದ ಕೃಷಿ ಹೊಂಡ. ಒಣಗಿದ ದಾರಿಯಲ್ಲಿ ರಾಜನಂತೆ ಇಳಿದೆ. ಮಾವಶಿ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಮುಖವನ್ನು ಎರಡೂ ಕೈಯಿಂದ ಸವರಿ, "ಸೊರಗಿಲ್ಲ ಬಿಡು" ಎಂದಳು. ಆಮೇಲೆ ಕಾರನ್ನೂ ಹಾಗೆಯೇ ಸವರಿದಳು. ಟ್ರ್ಯಾಕ್ಷನ್ ಕಂಟ್ರೋಲ್ ಎಂದರೇನೆಂದು ಆಕೆಗೂ ಹೇಳಿದೆ. ಕೇಳಿಸಿಕೊಂಡು, "ಎರಿ ಮಣ್ಣು ಯಾರ ಮಾತೂ ಕೇಳೂದಿಲ್ಲಪಾ" ಎಂದಳು. ಅಂದು ಉಂಡ ಸಜ್ಜೆ ರೊಟ್ಟಿ, ಹೆಸರುಕಾಳಿನ ಪಲ್ಯದ ರುಚಿ ಈಗಲೂ ನಾಲಿಗೆಯ ಮೇಲಿದೆ.

ರಾತ್ರಿಯೆಲ್ಲ ಮಳೆ ಸುರಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಹನಿ ನಿಂತಿತ್ತು, ದಾರಿ ಮಾತ್ರ ಕರಿ ಬೆಣ್ಣೆ ಮೆತ್ತಿದ ಹಾಗೆ ಹೊಳೆಯುತ್ತಿತ್ತು. ಕುರಿ ಕಟ್ಟುವ ತಗಡಿನ ಶೆಡ್ಡು ಖಾಲಿ ಇದ್ದದ್ದರಿಂದ ಕಾರು ಒಳಗೆ ಒಣಗಿಯೇ ಇತ್ತು. ನಾನು ಸ್ನಾನಕ್ಕೆ ಹೋಗುವಾಗ ಮಾವಶಿ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಳು. ಅರಿಷಿಣ ಕುಂಕುಮ ಹಚ್ಚುತ್ತಿದ್ದಾಳೆ, ಹಚ್ಚಲಿ ಎಂದುಕೊಂಡೆ.

ಆರೂ ಮುಕ್ಕಾಲಿಗೆ ಹೊರಟೆವು. ಮಾವಶಿ, ಸುವರ್ಣಾ ಹಿಂದಿನ ಸೀಟಿನಲ್ಲಿ. ಮೊದಲ ಐವತ್ತು ಹೆಜ್ಜೆ ಕಾರು ಏರಿತು. ಅಷ್ಟರಲ್ಲಿ ಮುಂದಿನ ಚಕ್ರಗಳು ತಿರುಗಿದಲ್ಲೇ ತಿರುಗತೊಡಗಿದವು. ಎದುರಿನ ಹಳದಿ ದೀಪ, ಜಾರುತ್ತಿರುವ ಕಾರಿನ ಚಿತ್ರವಿರುವಂಥದ್ದು, ಮಿಣಕ್ ಮಿಣಕ್ ಎಂದಿತು. ಇಂಜಿನ್ನಿನ ಸದ್ದು ತಾನಾಗಿ ಇಳಿಯಿತು. ಇದೇನು, ಬೇಕಾದಾಗಲೇ ಕೈ ಕೊಡುತ್ತಿದೆಯಲ್ಲ ಎಂದು ಸಿಟ್ಟಿನಲ್ಲಿ ಎಕ್ಸಿಲರೇಟರನ್ನು ಇನ್ನೂ ಒತ್ತಿದೆ. ಕಾರು ಮುಂದೆ ಹೋಗುವ ಬದಲು ಸೊಟ್ಟಗಾಗಿ ಹಿಂದಕ್ಕೆ ಜಾರಿತು. ಬ್ರೇಕು ತುಳಿದೆ, ಅದು ಕಾಲಿನಡಿ ಗರಗರ ಎಂದು ನಡುಗಿತು, ಆದರೂ ಜಾರಿದೆವು. ಹಿಂದಿನ ಚಕ್ರ ಬದುವಿನ ಕಲ್ಲಿಗೆ ತಾಗಿ ನಿಂತಾಗ ಕನ್ನಡಿಯ ತುಂಬ ಹೊಂಡದ ನೀರೇ ಕಾಣುತ್ತಿತ್ತು. ಆ ಕ್ಷಣದಲ್ಲಿ ಹೆದರಿದಷ್ಟು ಜೀವನದಲ್ಲಿ ಹೆದರಿಲ್ಲ.

"ಯಾಕೋ ನಿಂತಿ, ಈರಣ್ಣ?" ಮಾವಶಿ ಕೇಳಿದಳು.

"ಏನಿಲ್ಲರಿ ಮಾವಶಿ, ಗಾಡಿ ಸ್ವಲ್ಪ ದಮ್ ತಗೊಳ್ಳಾಕತ್ತೈತಿ" ಎಂದೆ.

ಆಕೆಯನ್ನು ಮೆಲ್ಲಗೆ ಇಳಿಸಿ ಬದುವಿನ ಮೇಲ್ಗಡೆ ಕಲ್ಲಿನ ಮೇಲೆ ಕೂರಿಸಿದೆವು. ಗಾಲಿಗೆ ಕಲ್ಲು ಕೊಟ್ಟೆ. ಸುವರ್ಣಾ ಮುಂದಿನ ಟೈರು ಮುಟ್ಟಿ ನೋಡಿ, ಬೆರಳು ಮೂಸಿ, ಅದೇ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಔಡಲೆಣ್ಣೆ! ಟೈರಿನ ಹಲ್ಲುಹಲ್ಲಿಗೂ ಮೆತ್ತಿತ್ತು. ಆ ಮನೆಯ ರೂಢಿ ನನಗೆ ಆಗ ನೆನಪಾಯಿತು. ಮಳೆಗಾಲದಲ್ಲಿ ಎರೆಮಣ್ಣು ಅಂಟಬಾರದೆಂದು ಗುದ್ದಲಿ, ಕಳೆ ತೆಗೆಯುವ ಕುರ್ಚಿಗಿ, ಕುಂಟೆಗೆಲ್ಲ ಇದೇ ಹರಳೆಣ್ಣೆ ಸವರಿಯೇ ಹೊಲಕ್ಕೆ ಇಳಿಯುತ್ತಿದ್ದರು. ಕಣ್ಣಿಲ್ಲದಿದ್ದರೂ ಮಾವಶಿ ನಸುಕಿನಲ್ಲೇ ಎದ್ದು, ನನ್ನ ಹೊಸ ಕಾರಿನ ನಾಲ್ಕೂ ಗಾಲಿಗಳಿಗೆ ಕೈಯಾರೆ ಆ ಉಪಚಾರ ಮಾಡಿದ್ದಳು.

ಸುವರ್ಣಾ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದಳು. ಮನೆಗೆ ಓಡಿ ಒಂದು ಬುಟ್ಟಿ ಒಲೆಯ ಬೂದಿ, ತೆಂಗಿನ ನಾರು ತಂದಳು. "ಜಿಡ್ಡಿಗೆ ಬೂದಿನ ಬೇಕ್ರಿ ಭಾವಾರ" ಎಂದು ಪಿಸುಗುಟ್ಟಿ, ಹಬ್ಬದ ಹಿಂದಿನ ದಿನ ಹಂಡೆ ತಿಕ್ಕುವಂತೆ ಟೈರು ತಿಕ್ಕತೊಡಗಿದಳು. ನಾನೂ ಕೂತೆ. ಪಕ್ಕದ ಹೊಲದ ಬಣವೆಯ ಒಳಗಿನಿಂದ ಒಣ ರವದಿ, ಅಂದರೆ ಕಬ್ಬಿನ ಒಣಗಿದ ಎಲೆ, ಹೊತ್ತು ತಂದು ಚಕ್ರದ ಮುಂದೆ ಹಾಸಿದೆವು. ಗಾಲಿ ಅರ್ಧ ಸುತ್ತು ತಿರುಗುವಷ್ಟು ಗಾಡಿಯನ್ನು ಅದರ ಮೇಲೆ ಮುಂದೆ ತಂದು ಉಳಿದರ್ಧ ಟೈರನ್ನೂ ತಿಕ್ಕಿದೆವು.

"ಏನ ತಿಕ್ಕಾಕತ್ತೀರಿ?" ಕಲ್ಲಿನ ಮೇಲಿಂದ ಮಾವಶಿ ಕೇಳಿದಳು.

"ರಾಡಿ, ಅತ್ತಿ" ಎಂದಳು ಸುವರ್ಣಾ.

"ರಾಡಿ ಹೆಂಗ ಹತ್ತೀತು? ನಾ ಎಣ್ಣಿ ಹಚ್ಚೇನಿ. ಈರಣ್ಣ, ಸರಿಯಾಗಿ ನೋಡಪಾ."

ನೋಡಿದೆ. ಆಕೆ ಹೇಳಿದ್ದು ನಿಜ. ಎಣ್ಣೆ ಇದ್ದ ಕಡೆ ಒಂದು ಹಿಡಿ ಮಣ್ಣೂ ನಿಂತಿರಲಿಲ್ಲ. "ಇಲ್ಲರಿ ಮಾವಶಿ, ಎಳ್ಳಷ್ಟೂ ಹತ್ತಿಲ್ಲ" ಎಂದೆ. ಆಕೆಯ ಮುಖ ಅರಳಿತು. ನನಗೆ ನಗು ಬಂತು. ಗಾಲಿಯ ಹತ್ತಿರ ಮುಖ ಬಗ್ಗಿಸಿ ತಿಕ್ಕುತ್ತಲೇ ಇದ್ದೆ.

ಹೊತ್ತು ಎಂಟಾಗಿತ್ತು. ಮಾವಶಿಯನ್ನು ಸುವರ್ಣಾ ಕೈಹಿಡಿದು ಬದುವಿನ ಅಂಚಿನ ಹುಲ್ಲಿನ ಮೇಲೆ ನಡೆಸಿಕೊಂಡು ರಸ್ತೆಗೆ ಹತ್ತಿಸಿದಳು. ಹೋಗುವ ಮುನ್ನ ನನಗೆ ಹೇಳಿದ್ದು ಒಂದೇ ಮಾತು: "ಈ ಸಲ ಹಗೂರ ತುಳೀರಿ." ಎರಡನೇ ಗೇರಿಗೆ ಹಾಕಿ ಮೊಟ್ಟೆಯ ಮೇಲೆ ಕಾಲಿಟ್ಟಂತೆ ತುಳಿದೆ. ರವದಿ ಕರಕರ ಎಂದಿತು. ಅರ್ಧ ಏರಿನಲ್ಲಿ ದೀಪ ಮತ್ತೆ ಮಿಣುಕಿತು. ಈ ಸಲ ಒತ್ತಲಿಲ್ಲ, ಕಾಲು ತುಸು ಸಡಿಲಿಸಿದೆ. ಗಾಡಿ ಒಮ್ಮೆ ತಡವರಿಸಿತು, ಜಾರುವ ಗಾಲಿಯನ್ನು ತಾನೇ ಹಿಡಿದು ಇನ್ನೊಂದರ ಕಡೆ ಜೋರು ಕೊಟ್ಟಿತು, ಇಂಚಿಂಚೇ ಸರಿಯಿತು. ದೀಪ ಆರಿತು. ಡಾಂಬರಿನ ಮೇಲೆ ಬಂದು ನಿಂತಾಗ ಸ್ಟಿಯರಿಂಗಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿದೆ. ಯಾರಿಗೆ ಮಾಡಿದೆನೋ ಗೊತ್ತಿಲ್ಲ, ಬಹುಶಃ ಬೂದಿಯ ಬುಟ್ಟಿಗೆ.

ಆರಗದಿಂದ ಮಿರಜ ಇಪ್ಪತ್ತು ಕಿಲೋಮೀಟರ್ ಇರಬಹುದು. ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಒಂಬತ್ತಕ್ಕೆ ಹತ್ತು ನಿಮಿಷ ಬಾಕಿ. ನರ್ಸಮ್ಮ ನಮ್ಮ ಕೆಸರು, ಬೂದಿ ಮೆತ್ತಿದ ಕೈಗಳನ್ನು ನೋಡಿ ಮೊದಲು ನಳದ ಕಡೆ ಬೆರಳು ತೋರಿಸಿದಳು. ಮಾವಶಿಯ ರಕ್ತದೊತ್ತಡ ನೋಡಿದರು, ಸರಿಯಾಗಿತ್ತು. ನನ್ನದನ್ನು ಯಾರೂ ನೋಡದಿದ್ದದ್ದು ಒಳ್ಳೆಯದಾಯಿತು.

ಆಪರೇಷನ್ ಮುಗಿಯಿತು, ಪಟ್ಟಿ ಬಿಚ್ಚುವುದು ಮರುದಿನ ಎಂದರು. ಮಧ್ಯಾಹ್ನ ಸುವರ್ಣಾಳನ್ನು ಮಾವಶಿಯ ಹತ್ತಿರ ಬಿಟ್ಟು ಹತ್ತು ಕಿಲೋಮೀಟರ್ ದೂರದ ಸಾಂಗ್ಲಿಗೆ ಹೋದೆ. ಕಪ್ಪು ಕನ್ನಡಕ ಕೊಳ್ಳಬೇಕಿತ್ತು, ಟೈರು ತೋರಿಸಬೇಕಿತ್ತು. ಅರಿಷಿಣ ಪೇಟೆಯ ವಾಸನೆ ಮಳೆಯಲ್ಲೂ ರಸ್ತೆಯವರೆಗೆ ಬರುತ್ತಿತ್ತು. ಅಲ್ಲೇ ಹತ್ತಿರದ ಟೈರಿನ ಅಂಗಡಿಯ ಮಾಲೀಕರು ಹಣೆಗೆ ವಿಭೂತಿ ಹಚ್ಚಿದ ಹಿರಿಯರು. ಮರಾಠಿಯಲ್ಲಿ "ಬಸಾ" ಎಂದವರು ನನ್ನ ಮಾತಿನ ಧಾಟಿ ಕೇಳಿ, "ಕುಂದ್ರಿ, ಕುಂದ್ರಿ. ಯಾವೂರು?" ಎಂದು ಕನ್ನಡಕ್ಕೆ ಇಳಿದರು. ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಸಾಬೂನು ನೀರಿನಲ್ಲಿ ನಾಲ್ಕೂ ಟೈರು ತೊಳೆಸುತ್ತ ಹೇಳಿದರು:

"ಆ ಸಿಸ್ಟಿಮ್ ಹಿಡತ ಹುಟ್ಟಸೂದಿಲ್ರಿ. ಇದ್ದ ಹಿಡತಾನ ಪೋಲ ಆಗದಂಗ ನೋಡಕೋತೈತಿ, ಅಷ್ಟ. ನೆಲಾ ಹಿಡಿಯೂದು ಟೈರಿಂದ ಕೆಲಸ. ದೀಪ ಮಿಣಕಿದ್ರ ಕಾಲ ಎತ್ತಬೇಕು. ನೀವು ಒತ್ತೀರಿ! ಎಣ್ಣಿಂದ ಅರ್ಧಾ ತಪ್ಪು, ನಿಮ್ಮ ಕಾಲಿಂದ ಅರ್ಧಾ."

ನನಗೆ ನಾಚಿಕೆಯಾಯಿತು. ದಾರ ಗಂಟಾದಾಗ ಪೆಡಲು ಜೋರಾಗಿ ತುಳಿದರೆ ಸೂಜಿ ಮುರಿಯುತ್ತದೆ, ಕಾಲು ತೆಗೀರಿ ಎಂದು ನಲವತ್ತು ವರ್ಷ ಗಿರಾಕಿಗಳಿಗೆ ಪಾಠ ಹೇಳಿದವನು ನಾನು! ಅವರು ಚಹಾ ತರಿಸಿದರು. ಹೊರಡುವಾಗ, "ಆ ಅಜ್ಜಿಗೆ ಹೇಳಬ್ಯಾಡ್ರಿ" ಎಂದರು. ಹೇಳುವುದಿಲ್ಲವೆಂದೆ. ಗುರುತು ಪರಿಚಯವಿಲ್ಲದ ಆ ಮನುಷ್ಯನಿಗೆ ಇಂದಿಗೂ ನಾನು ಋಣಿ.

ಗುರುವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಸುವರ್ಣಾ ಗೋಡೆಗೆ ಆತು ನಿಂತು ಏನೋ ಜಪಿಸುತ್ತಿದ್ದಳು. ನರ್ಸಮ್ಮ ಕಣ್ಣು ಒರೆಸಿ, "ಆಜಿ, ಕಾಯ ದಿಸತಂಯ?" ಎಂದಳು, ಏನು ಕಾಣುತ್ತದೆ ಎಂದು. ಮಾವಶಿ ಮೊದಲು ಕಿಟಕಿ ನೋಡಿದಳು. ತನ್ನ ಅಂಗೈ ನೋಡಿಕೊಂಡಳು. ಸೊಸೆಯನ್ನು ನೋಡಿ, "ಹಸರ ಸೀರಿ" ಎಂದಳು. ಸುವರ್ಣಾ ಅತ್ತೇಬಿಟ್ಟಳು. ಆಮೇಲೆ ಮಾವಶಿ ನನ್ನ ಕಡೆ ತಿರುಗಿ ಬಹಳ ಹೊತ್ತು ದಿಟ್ಟಿಸಿದಳು.

"ಸುವರ್ಣಾ, ಈ ಮುದುಕರು ಯಾರs?"

"ನಾನರಿ ಮಾವಶಿ, ಈರಣ್ಣ" ಎಂದೆ.

ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. ನನ್ನ ಬಿಳಿ ಕೂದಲು, ಬಿದ್ದ ಹಲ್ಲು, ಎಲ್ಲವನ್ನೂ ಒಂದೊಂದಾಗಿ ನೋಡಿದಳು. "ಅಯ್ಯ ನನ್ನ ಕೂಸs" ಎಂದಳು. "ಧ್ವನಿ ಕೇಳಿ ಕೇಳಿ ನಿನ್ನ ಸಣ್ಣಾವನs ತಿಳಕೊಂಡಿದ್ದೆ. ನೀ ಯಾವಾಗ ಇಷ್ಟ ಮುದುಕ ಆದ್ಯೋ?"

ಆಕೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಐವತ್ತು ವರ್ಷದ ಹಿಂದೆ ಮಾಡಬೇಕಾಗಿದ್ದ ನಮಸ್ಕಾರ ಅದು.

ಮಾವಶಿಯನ್ನು ಮನೆಗೆ ಮುಟ್ಟಿಸಿ ಶುಕ್ರವಾರ ಆರಗದಿಂದ ಹೊರಟೆ. ದಾರಿ ಅರ್ಧ ಒಣಗಿತ್ತು, ಆದರೂ ಹಗುರಾಗಿ ತುಳಿದೆ, ದೀಪ ಒಮ್ಮೆಯೂ ಮಿಣುಕಲಿಲ್ಲ. ಮಾವಶಿ ಕಪ್ಪು ಕನ್ನಡಕ ಹಾಕಿಕೊಂಡು, ಯಾರ ಕೈಯನ್ನೂ ಹಿಡಿಯದೆ, ನನಗಿಂತ ಮೊದಲೇ ಏರು ಹತ್ತಿ ರಸ್ತೆಯಲ್ಲಿ ನಿಂತಿದ್ದಳು. ನಾನು ಕೈ ಬೀಸಿದೆ. ಆಕೆ ಬೀಸಲಿಲ್ಲ. ತಿರುವು ಬರುವವರೆಗೆ ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ. ಆಕೆ ಅಲುಗಾಡದೆ ನಿಂತು, ನಾನು ಹೋಗುವುದನ್ನು ಕಣ್ತುಂಬ ನೋಡುತ್ತಿದ್ದಳು.