ಕೆರೆ ಮೊಳೆಗೆ ಹಾಕಿದ ಚಪ್ಪಲಿ

ಸುಳ್ಳಲ್ಲ ಕಣೋ, ನಗಬೇಡ! ಬೆಟ್ಟದ ಬುಡದಲ್ಲಿ ಟೆಂಟು, ಹಗ್ಗ ಬಾಡಿಗೆಗೆ ಕೊಡ್ತಿದ್ದ ಹಗ್ಗದಣ್ಣನ ಅಂಗಡೀಲಿ ಚಪ್ಪಲಿ ತಾನಾಗೇ ಜಾಗ ಬದಲಾಯಿಸ್ತಿತ್ತು. ಗೋಡೇಲಿ ಎರಡು ಮೊಳೆ, ಒಂದು ಕೆರೆ ದಾರಿಗೆ, ಇನ್ನೊಂದು ಬಂಡೆ ದಾರಿಗೆ. ಬೂಟು ಹಾಕ್ಕೊಂಡು ಬೆಟ್ಟ ಹತ್ತೋರು ತಮ್ಮ ಚಪ್ಪಲೀನ ತಾವು ಹೋಗೋ ದಾರಿಯ ಮೊಳೆಗೆ ನೇತುಹಾಕಬೇಕು. ಸಂಜೆಯಾದ್ರೂ ಚಪ್ಪಲಿ ಅಲ್ಲೇ ಇದ್ರೆ ಜನ ಆ ದಾರೀಲಿ ಹುಡುಕೋಕೆ ಹೊರಡೋರು.

ಒಂದಿನ ಹಗ್ಗದಣ್ಣನ ಸ್ವಂತ ತಮ್ಮನೇ ಕೆರೆ ಮೊಳೆಗೆ ಚಪ್ಪಲಿ ಹಾಕಿ, ಅರ್ಧ ದಾರೀಲಿ ಮನಸ್ಸು ಬದಲಾಯಿಸಿ ಬಂಡೆ ಕಡೆ ಹೋದ. ಊರೋರೆಲ್ಲ ಕೆರೆ ಸುತ್ತ ಕೂಗಿ ಕೂಗಿ ಗಂಟಲು ಹರ್ಕೊಂಡ್ರು. ಬಂಡೆ ಹತ್ರ ಅವನನ್ನ ನೋಡಿದ್ದ ಕುರಿ ಕಾಯೋನು ಬಂದು ಹೇಳೋ ಹೊತ್ತಿಗೆ ತಡವಾಗಿತ್ತು. ತಮ್ಮ ಸಿಗಲೇ ಇಲ್ಲ.

ಆಮೇಲಿಂದ ದಿನಾ ಬೆಳಿಗ್ಗೆ ಹಗ್ಗದಣ್ಣ ಬೀಗ ತೆಗೆದ್ರೆ ಆ ಚಪ್ಪಲಿ ಬಂಡೆ ಮೊಳೇಲಿ ನೇತಾಡ್ತಿರೋದು, ಹಸಿ ಮಣ್ಣು ಮೆತ್ಕೊಂಡು. ಇಲಿ ಎಳೀತು ಅಂತೀಯಾ? ಮೊಳೆಗೆ ನೇತುಹಾಕೋ ಇಲಿ ನಿಮ್ಮನೇಲಿದ್ರೆ ಕಳಿಸು ಮಾರಾಯ, ನಮ್ಮ ಬಟ್ಟೆ ಒಣಹಾಕಲಿ!

"ಅದನ್ನ ಬಂಡೆ ಮೊಳೇಲೇ ಬಿಡ್ರೀ, ಪಾಪ" ಅಂತಿದ್ಲು ಹೆಂಡತಿ. ಅವನು ಕೇಳ್ತಿರಲಿಲ್ಲ. ಸಂಜೆ ಮಣ್ಣು ಒರೆಸಿ, ಮತ್ತೆ ಕೆರೆ ಮೊಳೆಗೇ ಹಾಕೋನು.

"ತಪ್ಪು ಸರಿಮಾಡೋಕೆ ತಾನೇ ನನ್ನ ತಮ್ಮ ಬರೋದು? ಅಲ್ಲೇ ಬಿಟ್ರೆ ಇನ್ಯಾಕೆ ಬರ್ತಾನೆ?"

ಏಳೋ, ನಮ್ಮವಳು ಊಟಕ್ಕೆ ಕರೀತಿದ್ದಾಳೆ. ಹಾಂ, ಬಂದೆ ಕಣೇ, ಬಡಿಸು!